ನಿಂಬೆಹಣ್ಣಿನ ಮೇಲೆ ನಿಂತ ರೇಸ್ ಕಾರು

ಗಂಡಸರಿಗೆ ಐವತ್ತು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜವೆಂದು ನಾನು ನಂಬಿದ್ದೇನೆ. ನಂಬದೆ ನನಗೆ ಬೇರೆ ದಾರಿಯೂ ಇಲ್ಲ. ನಮ್ಮ ಕಚೇರಿಯ ಒಬ್ಬರಿಗೆ ರಕ್ತದೊತ್ತಡ ಅಳೆಯುವ ಹುಚ್ಚು. ತಮ್ಮದನ್ನು ಅಳೆದು ಮುಗಿಸಿ, ಮನೆಗೆ ಬಂದವರದ್ದನ್ನೆಲ್ಲ ಅಳೆದು, ಚಹಾ ಕೊಡುವುದನ್ನೇ ಮರೆಯುತ್ತಾರೆ. ನಮ್ಮ ಮೇಲಿನ ಮನೆಯವರಿಗೆ ಬೆಳಗ್ಗೆ ಎದ್ದು ಲೋಕಕ್ಕೆಲ್ಲ ಗುಲಾಬಿ ಹೂವಿನ ಶುಭೋದಯ ಕಳಿಸುವ ಹುಚ್ಚು. ಇವೆಲ್ಲ ಮರ್ಯಾದಸ್ಥ ಹುಚ್ಚುಗಳು. ಮೇಜಿನ ಡ್ರಾಯರಿನಲ್ಲೋ ಮೊಬೈಲಿನಲ್ಲೋ ಹಿಡಿಸುತ್ತವೆ, ನೆಂಟರು ಬಂದರೆ ಮುಚ್ಚಿಡಬಹುದು. ನನ್ನ ಹುಚ್ಚು ಹಾಗಲ್ಲ. ಅದಕ್ಕೆ ನಾಲ್ಕು ಚಕ್ರಗಳಿವೆ, ಮೈ ಫೈಬರಿನದು, ಬಣ್ಣ ಹಳದಿ, ಮತ್ತು ಅದು ವಡೋದರದ ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಹೋಗಿಬರುವವರಿಗೆಲ್ಲ ಕಾಣುವಂತೆ ನಿಂತಿದೆ.

ನನ್ನ ಉದ್ಯೋಗ ಏನೆಂದು ಹೇಳಿದರೆ ನೀವು ಇನ್ನಷ್ಟು ನಗುತ್ತೀರಿ. ನಾನು ವಿಮಾ ಕಂಪನಿಯೊಂದರಲ್ಲಿ ವಾಹನಗಳ ಕ್ಲೈಮು ನೋಡುವವನು. ತುಮಕೂರು ಬಿಟ್ಟವನು ಮೊದಲು ಅಹಮದಾಬಾದಿನ ನವರಂಗಪುರದ ಕಚೇರಿ, ಆಮೇಲೆ ಸೂರತ್, ಈಗ ವಡೋದರ ಅಂತ ಗುಜರಾತಿನಲ್ಲೇ ಸುತ್ತುತ್ತಿದ್ದೇನೆ. ನುಜ್ಜುಗುಜ್ಜಾದ ಕಾರಿಗೆ ಒಂದು ಸುತ್ತು ಹಾಕಿ, ಅದರ ಮಾಲೀಕನನ್ನು ಪಕ್ಕಕ್ಕೆ ಕರೆದು, ಇದನ್ನು ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ, ಟೋಟಲ್ ಲಾಸ್ ಎಂದು ತಣ್ಣಗೆ ಹೇಳುವುದು ನನ್ನ ಹೊಟ್ಟೆಪಾಡು. ಕಣ್ಣೀರು ಹಾಕಿದವರಿದ್ದಾರೆ. ನನ್ನ ಮದುವೆಯ ಮೆರವಣಿಗೆ ಹೋದದ್ದು ಇದರಲ್ಲೇ ಸಾಹೇಬ್ ಎಂದು ಕೈ ಹಿಡಿದುಕೊಂಡವರಿದ್ದಾರೆ. ನಾನು ಯಾವತ್ತೂ ಕರಗಿದವನಲ್ಲ. ಕಬ್ಬಿಣದ ಮೇಲೆ ಮನುಷ್ಯರಿಗೆ ಇಷ್ಟೊಂದು ಮೋಹ ಯಾಕೆ ಎಂದು ಮನೆಗೆ ಬಂದು ಹೆಂಡತಿ ಶೈಲಜಾಳ ಎದುರು ವೇದಾಂತ ಹೇಳುತ್ತಿದ್ದೆ. ಅವಳು ಧಾರವಾಡದವಳು. ಒಂದೊಂದು ಮಾತನ್ನೂ ನೆನಪಿಟ್ಟುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಇಂಥ ನಾನು ಒಮ್ಮೆ ಸೂರತ್ತಿಗೆ ಪರಿಚಯದವರ ಮನೆಯ ಸಮಾರಂಭಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವರು ತಮ್ಮ ಸೀರೆಯ ಗೋದಾಮು ತೋರಿಸಿದರು. ಅಲ್ಲೊಂದು ಮೂಲೆಯಲ್ಲಿ, ಬಣ್ಣ ಕೆಟ್ಟ ಸೀರೆಗಳ ರಾಶಿಯ ಕೆಳಗಿನಿಂದ ಒಂದು ಚೂಪು ಮೂಗು ಹೊರಗೆ ಚಾಚಿಕೊಂಡಿತ್ತು. ಏನೆಂದು ಕೇಳಿದೆ. ಅವರ ಚಿಕ್ಕಪ್ಪ ತೀರಿಕೊಳ್ಳುವ ಎಷ್ಟೋ ವರ್ಷ ಮುಂಚೆ, ವಿದೇಶದ ಪತ್ರಿಕೆಯ ಚಿತ್ರಗಳನ್ನು ನೋಡಿಕೊಂಡು, ಭಾಗ ಭಾಗವಾಗಿ ತಾವೇ ಜೋಡಿಸಲು ಹೊರಟ ರೇಸ್ ಕಾರಂತೆ ಅದು. ಚಕ್ರಗಳೆಲ್ಲ ಹೊರಗೆ, ನಡುವೆ ದೋಣಿಯಂಥ ಫೈಬರ್ ಒಡಲು, ಒಳಗೆ ಅಕ್ಕಪಕ್ಕ ಎರಡು ಸೀಟು. ಬಾಗಿಲಿಲ್ಲ, ಸೂರಿಲ್ಲ, ಎಂಜಿನ್ನಂತೂ ಇಲ್ಲವೇ ಇಲ್ಲ. ಎಂಜಿನ್ ಬರುವ ಮೊದಲೇ ಚಿಕ್ಕಪ್ಪ ಹೋಗಿಬಿಟ್ಟಿದ್ದರು. ನಾನು ಅಭ್ಯಾಸದಂತೆ ಅದಕ್ಕೊಂದು ಸುತ್ತು ಹಾಕಿದೆ. ಟೋಟಲ್ ಲಾಸ್ ಎನ್ನಬೇಕಾದ ಬಾಯಿ, ಇದನ್ನು ಕೊಡುತ್ತೀರಾ ಎಂದು ಕೇಳಿತು. ಗೋದಾಮಿನಲ್ಲಿ ಜಾಗ ಬೇಕಾಗಿದ್ದ ಅವರು ಕುಣಿದಾಡಿಬಿಟ್ಟರು. ಎಷ್ಟು ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ. ಇದನ್ನು ಶೈಲಜಾಳೂ ಓದುತ್ತಾಳೆ.

ಫೈಬರ್ ಎಷ್ಟು ಹಗುರವೆಂದು ಆವತ್ತೇ ನನಗೆ ತಿಳಿದದ್ದು. ಟೆಂಪೋ ಚಾಲಕ, ನಾನು ಮತ್ತು ಗೋದಾಮಿನ ಇಬ್ಬರು ಸೇರಿ ಆ ಒಡಲನ್ನು ಮದುವೆಮನೆಯ ಹಂಡೆ ಎತ್ತಿದಂತೆ ಎತ್ತಿ ಟೆಂಪೋ ಮೇಲಿಟ್ಟೆವು. ಕೆಳಗೆ ಚಕ್ರ ಹೊತ್ತ ಕಬ್ಬಿಣದ ಚೌಕಟ್ಟು, ಆ ಚಾಸಿಯದ್ದೇ ಭಾರ. ಭರೂಚ್ ಹತ್ತಿರ ನರ್ಮದೆಯ ಸೇತುವೆ ಮೇಲೆ ಗಾಳಿ ಬೀಸಿದಾಗ ಒಡಲು ಹಾರಲು ಮನಸ್ಸು ಮಾಡಿತು. ಹಗ್ಗ ಸಾಲದೆಂದು ಚಾಲಕ ಅದರ ಜೊತೆಗೇ ಬಂದಿದ್ದ ಸೀರೆಗಳನ್ನು ಹೊಸೆದು ಅಡ್ಡಡ್ಡ, ಉದ್ದುದ್ದ ಬಿಗಿದ. ಹೀಗೆ ಸಂಜೆ ನಮ್ಮ ಸೊಸೈಟಿಯ ಗೇಟಿನೊಳಗೆ ಟೆಂಪೋ ಬಂದಾಗ, ಬಾಲ್ಕನಿಯಲ್ಲಿ ನಿಂತಿದ್ದ ಶೈಲಜಾಳಿಗೆ ಕಾರು ಕಾಣಿಸಲೇ ಇಲ್ಲ.

“ಏನ್ರೀ, ಇಷ್ಟೊಂದು ಸೀರಿ ತಂದೀರಿ? ಯಾರ ಮದುವಿ?” ಎನ್ನುತ್ತಾ ಕೆಳಗಿಳಿದು ಬಂದವಳ ಮುಖದಲ್ಲಿ ಇದ್ದ ಆ ಸಂತೋಷವನ್ನು ನಾನು ಈಗಲೂ ನೆನೆಯುತ್ತೇನೆ. ಆಮೇಲೆ ಚಾಲಕ ಸೀರೆ ಬಿಚ್ಚಿದ. ಅವಳು ಕಾರಿಗೆ ಥೇಟು ನನ್ನ ಹಾಗೆಯೇ ಒಂದು ಸುತ್ತು ಹಾಕಿದಳು. ಬಾಗಿಲೆಲ್ಲಿ ಎಂದು ಕೇಳಿದಳು, ಇಲ್ಲವೆಂದೆ. ಎಂಜಿನ್ನೆಲ್ಲಿ ಎಂದಳು, ಇನ್ನೂ ಬಂದಿಲ್ಲವೆಂದೆ. “ಹಂಗಾದ್ರ ಏನದ?” ಎಂದಳು. ನಿಜ ಹೇಳಬೇಕೆಂದರೆ, ಅದನ್ನು ನೋಡಿದರೆ ನನಗೆ ಖುಷಿಯಾಗುತ್ತಿತ್ತು, ಅಷ್ಟೇ. ನಿಂತಲ್ಲೇ ಓಡುತ್ತಿರುವಂತೆ ಕಾಣುವ ಅದರ ಮೂಗು, ಹಿಂದಕ್ಕೆ ಸೆಳೆದ ಬೆನ್ನು. ಹುಟ್ಟಿದಾಗಿನಿಂದ ನಿಧಾನವಾಗಿಯೇ ಬದುಕಿದ ನನಗೆ ವೇಗದ್ದೆಂದು ಹೇಳಿಕೊಳ್ಳಲು ಒಂದಾದರೂ ವಸ್ತು ಸಿಕ್ಕಿತಲ್ಲ ಎನಿಸುತ್ತಿತ್ತು. ಇದನ್ನೆಲ್ಲ ಹೆಂಡತಿಗೆ ಟೆಂಪೋ ಚಾಲಕನ ಎದುರು ಹೇಳುವುದು ಹೇಗೆ?

ಹೆಮ್ಮೆಯಿಂದ ಅದರ ಫೋಟೋ ಹಿಡಿದುಕೊಂಡು ಅಹಮದಾಬಾದಿಗೆ ಹೋದೆ. ನವರಂಗಪುರದ ಒಂದು ಚಹಾ ಅಂಗಡಿಯಲ್ಲಿ ಭಾನುವಾರ ಬೆಳಗ್ಗೆ ಹಳೆಯ ಕಾರಿನವರು ಸೇರುತ್ತಾರೆ. ಅವರದು ದೊಡ್ಡ ಜಾತಿ. ಮಡ್‌ಗಾರ್ಡಿನ ತಿರುಪು ಕೂಡ ಕಾರ್ಖಾನೆಯಿಂದ ಬಂದದ್ದೇ ಆಗಿರಬೇಕು, ಇಲ್ಲದಿದ್ದರೆ ಮೈಲಿಗೆ. ಅವರಲ್ಲಿ ಒಬ್ಬರು ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ಕಾರಿನ ಮೈಗೆ ಅಂಟಿದರೆ ಅಸಲಿ ತಗಡು, ಜಾರಿದರೆ ಒಳಗೆ ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಮುಂದೊಂದು ದಿನ ವಡೋದರಕ್ಕೆ ಬಂದಾಗ ಅವರು ನನ್ನ ಕಾರಿಗೂ ಅಯಸ್ಕಾಂತ ಹಿಡಿದರು. ಮೂಗಿನ ಮೇಲಿಟ್ಟರು, ಜಾರಿತು. ಪಕ್ಕೆಗಿಟ್ಟರು, ಜಾರಿತು. ಬೆನ್ನ ಮೇಲಿಟ್ಟದ್ದು ಉರುಳಿ ಚರಂಡಿ ಸೇರಿತು. ಅದನ್ನು ಹುಡುಕಿ ತೊಳೆದುಕೊಟ್ಟು, ನೋಡಿ ಸಾಹೇಬ್, ಇಡೀ ಕಾರಿನಲ್ಲಿ ಒಂದೇ ಒಂದು ಕಡೆಯೂ ಮೋಸವಿಲ್ಲ, ಎಲ್ಲ ಕಡೆ ಒಂದೇ ಥರ ಎಂದೆ. ಅವರು ಚಹಾ ಕುಡಿಯದೆ ಹೊರಟರು.

ಆ ದೊಡ್ಡ ಜಾತಿಯಿಂದ ನಾನು ಕೆಳಗಿಳಿದು ಸೇರಿದ್ದು ಜಯಂತಿಭಾಯಿಯ ಬಳಿಗೆ. ವಡೋದರದ ಹೊರಗೆ, ಕೊಯಾಲಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ಫೈಬರ್ ಕೆಲಸದ ಶೆಡ್ಡಿದೆ. ಉದ್ಯಾನಗಳಿಗೆ ಬೇಕಾದ ಜಾರುಬಂಡಿ, ಬಾಯಿ ತೆರೆದು ಕಸ ನುಂಗುವ ಪೆಂಗ್ವಿನ್ನು, ಮಕ್ಕಳು ಸವಾರಿ ಮಾಡುವ ಆನೆ, ಎಲ್ಲ ಅಲ್ಲೇ ಹುಟ್ಟುತ್ತವೆ. ನನ್ನ ಕಾರನ್ನು ಅವರು ಪೆಂಗ್ವಿನ್ನುಗಳ ಸಾಲಿನಲ್ಲಿ ನಿಲ್ಲಿಸಿ, ಬಿಡುವಾದಾಗಲೆಲ್ಲ ಬಿರುಕುಗಳಿಗೆ ತೇಪೆ ಹಾಕುತ್ತಾ ಬಂದರು. ಭಾನುವಾರಗಳಲ್ಲಿ ನಾನೂ ಬ್ರಶ್ ಹಿಡಿದು ರಾಳ ಬಳಿದೆ. ವಡೋದರದ ಬೇಸಿಗೆಗೆ ಆ ರಾಳ ಕಲಸಿದ ಕೂಡಲೇ ಗಟ್ಟಿಯಾಗಲು ಶುರುವಾಗುತ್ತದೆ. ಜಯಂತಿಭಾಯಿ ಮತ್ತು ನಾನು ಕ್ರಿಕೆಟ್ ಸ್ಕೋರಿನ ಬಗ್ಗೆ ಸ್ವಲ್ಪ ಹೆಚ್ಚೇ ಚರ್ಚಿಸಿದ ಒಂದು ದಿನ ಬ್ರಶ್ಶು ಕಾರಿನ ಎಡಪಕ್ಕೆಗೆ ಶಾಶ್ವತವಾಗಿ ಕಚ್ಚಿಕೊಂಡಿತು. ಹಿಡಿಯನ್ನು ಕತ್ತರಿಸಿದ್ದೇವೆ, ಕೂದಲು ಒಳಗೇ ಇದೆ. ಹಳದಿ ಬಣ್ಣ ಯಾಕೆಂದು ಕೇಳುವವರಿಗೆ ರೇಸಿಂಗ್ ಪರಂಪರೆ ಎನ್ನುತ್ತೇನೆ. ಪೆಂಗ್ವಿನ್ನಿನ ಕೊಕ್ಕಿಗೆ ತಂದ ಬಣ್ಣ ಉಳಿದಿತ್ತು ಎನ್ನುವುದು ನಿಮ್ಮಲ್ಲೇ ಇರಲಿ.

ಜಯಂತಿಭಾಯಿಗೂ ಆ ಒಡಲ ಮೇಲೆ ಪ್ರೀತಿ. ಆದರೆ ಅವರ ಪ್ರೀತಿಯ ಜಾಡೇ ಬೇರೆ. ಕೊಯಾಲಿಯ ಟೌನ್‌ಶಿಪ್ಪಿನ ಉದ್ಯಾನದಲ್ಲಿ ಇದನ್ನು ಒಂದು ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿದರೆ ಮಕ್ಕಳು ಎಷ್ಟು ಖುಷಿಪಡುತ್ತವೆ, ಕೊಟ್ಟುಬಿಡಿ ರಾವ್‌ಭಾಯಿ ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಈ ಮಾತನ್ನು ಅವರು ನನ್ನೊಬ್ಬನ ಬಳಿಯೇ ಆಡಿದ್ದರೆ ತೊಂದರೆಯಿರಲಿಲ್ಲ. ತೇಪೆ ಮುಗಿಸಿ ಕಾರು ಮನೆಗೆ ತಂದುಬಿಟ್ಟ ದಿನ ಶೈಲಜಾಳ ಎದುರೂ ಆಡಿಬಿಟ್ಟರು.

ಆ ವರ್ಷದ ಆಯುಧಪೂಜೆ ಬಂತು. ಗುಜರಾತಿನಲ್ಲಿ ಎಷ್ಟು ವರ್ಷ ಇದ್ದರೂ ನಮ್ಮ ಮನೆಯಲ್ಲಿ ನವಮಿಯ ದಿನ ವಾಹನಕ್ಕೆ ಕುಂಕುಮ, ಹೂವು, ಕುಂಬಳಕಾಯಿ, ಚಕ್ರದಡಿ ನಿಂಬೆಹಣ್ಣು ತಪ್ಪಿದ್ದಲ್ಲ. ಅಕ್ಕಪಕ್ಕದವರು ಈಗಲೂ ಬಾಲ್ಕನಿಯಲ್ಲಿ ನಿಂತು, ಒಳ್ಳೆಯ ಕುಂಬಳಕಾಯಿಯನ್ನು ರಸ್ತೆಯಲ್ಲಿ ಒಡೆದು ಮತ್ತೆ ತಾವೇ ಗುಡಿಸುವ ನಮ್ಮನ್ನು ಬೆರಗಿನಿಂದ ನೋಡುತ್ತಾರೆ. ಕಾರಿಗೆ ಎಂಜಿನ್ನಿಲ್ಲದ್ದರಿಂದ ನಾನು ಮತ್ತು ಮಗಳು ಅನಘಾ ಹಿಂದಿನಿಂದ ನೂಕಿದೆವು. ಎಂಜಿನ್ನಿಲ್ಲದ ಕಾರು ಎಷ್ಟು ಹಗುರವಿತ್ತೆಂದರೆ, ನಿಂಬೆಹಣ್ಣು ಹಿಸುಕಿಹೋಗಲಿಲ್ಲ. ಒಂದರ ಮೇಲೆ ಚಕ್ರ ಹತ್ತಿ ಇಳಿಯಿತು, ಹಣ್ಣು ಹಾಗೇ ಇತ್ತು. ಇನ್ನೊಂದು ಚಿಮ್ಮಿ ಹೋಗಿ ಸೊಸೈಟಿಯ ಕಾರ್ಯದರ್ಶಿ ಮಹೇಂದ್ರಭಾಯಿಯ ಸ್ಕೂಟರಿನ ಚಕ್ರದಡಿ ಸೇರಿತು. ಸಂಜೆ ಅವರು ತರಕಾರಿ ತರಲು ಹೊರಟಾಗ ಆ ಸ್ಕೂಟರು ಅದನ್ನು ಸಲೀಸಾಗಿ ಅಪ್ಪಚ್ಚಿ ಮಾಡಿತು. ಶೈಲಜಾ ಬಾಲ್ಕನಿಯಿಂದ ಅದನ್ನು ನೋಡಿದಳು. ಒಳಗೆ ಬಂದು ನನ್ನ ಮುಂದೆ ಕೂತಳು.

“ಮುಂದಿನ ವರ್ಷ ಆಯುಧ ಪೂಜಾದಾಗ ನೀವು ಒಳಗ ಕೂತು, ಯಾರೂ ನೂಕಲಾರದ, ಇದು ನಾಕೂ ನಿಂಬಿಹಣ್ಣು ಹೊಡೀಬೇಕು. ಹೊಡೀಲಿಲ್ಲಂದ್ರ ಜಯಂತಿಭಾಯಿಗೆ ಕೊಟ್ಟುಬಿಡ್ರಿ. ಹುಡುಗರಾದ್ರೂ ಆಡ್ತಾವ.”

ಇಷ್ಟು ಸ್ಪಷ್ಟವಾದ ಷರತ್ತನ್ನು ನಮ್ಮ ಕಂಪನಿ ಕೂಡ ಯಾವ ಪಾಲಿಸಿಯಲ್ಲೂ ಬರೆದಿಲ್ಲ. ನಾನು ಒಪ್ಪಿದೆ. ಆ ಒಂದು ವರ್ಷ ನಾನು ಬದುಕಿದ ರೀತಿಯನ್ನು ಬದುಕು ಎನ್ನಲಾಗದು. ಗುಜರಿಯಲ್ಲಿ ಬಿದ್ದಿದ್ದ ಅಂಬಾಸಿಡರ್ ಒಂದರ ಎಂಜಿನ್ ತಂದೆ. ಅದು ಕೂರದೆ ಹೋದಾಗ ಚಾಸಿಯನ್ನು ಕೊಯ್ದು ಬೆಸುಗೆ ಹಾಕಿಸಿದೆ. ಪೆಟ್ರೋಲ್ ಟ್ಯಾಂಕಿನ ಜಾಗಕ್ಕೆ ಸದ್ಯಕ್ಕೊಂದು ಪ್ಲಾಸ್ಟಿಕ್ ಕ್ಯಾನು ಕಟ್ಟಿದೆ. ಡ್ಯಾಶ್‌ಬೋರ್ಡ್ ಎಲ್ಲೂ ಸಿಗಲಿಲ್ಲ, ಮುಂದೆ ಖಾಲಿ ಕಿಂಡಿ. ಅದರ ಮೂಲಕ ಚಾಸಿಯಿಂದ ಸ್ಟೀರಿಂಗ್ ಕೋಲು ಬರುತ್ತಿತ್ತು, ಕಾಲು ಚಾಸಿಯ ಪೆಡಲಿಗೆ ಹೋಗುತ್ತಿತ್ತು. ಕಚೇರಿಯಲ್ಲಿ ಒಬ್ಬ ಮಾಲೀಕ ತನ್ನ ಜಜ್ಜಿಹೋದ ಕಾರಿನ ಎದುರು ನಿಂತು ಮೂಗು ಒರೆಸಿಕೊಂಡಾಗ ನಾನೂ ಕರ್ಚೀಫು ತೆಗೆದೆ. ನನ್ನ ಮೇಲಧಿಕಾರಿ ರಜೆ ಬೇಕೇ ಎಂದು ಕೇಳಿದರು.

ಈ ಸಲದ ನವರಾತ್ರಿ ಬರುವ ಹೊತ್ತಿಗೆ ಎಂಜಿನ್ನು ಕೆಮ್ಮುವಷ್ಟು ಆಗಿತ್ತು. ಆದರೆ ಮಹೇಂದ್ರಭಾಯಿಯ ಕಾಟ ಬೇರೆ. ಸೊಸೈಟಿಯ ಅಂಗಳದಲ್ಲೇ ಒಂಬತ್ತು ದಿನವೂ ಗರ್ಬಾ. ನಡುವೆ ದೇವಿಯ ದೀಪದ ಮಡಕೆ, ಸುತ್ತ ಇಡೀ ಸೊಸೈಟಿ ಕುಣಿಯಬೇಕು, ಆದ್ದರಿಂದ ಕಾರು ಬೇವಿನ ಮರದಡಿಗೆ ಹೋಗಬೇಕು. ನವಮಿಯ ಸಂಜೆ ಪೂಜೆಗೆಂದು ಒಂದು ಗಳಿಗೆ ಅಂಗಳಕ್ಕೆ ತರುತ್ತೇನೆ, ಆರತಿಗೆ ಮುಂಚೆ ತನ್ನ ಕಾಲ ಮೇಲೆ ತಾನೇ ಮರದಡಿಗೆ ಹೋಗುತ್ತದೆ ಎಂದು ಅವರ ಕೈಕಾಲು ಹಿಡಿದೆ. ಶೈಲಜಾಳಾದರೋ ಸದ್ದಿಲ್ಲದೆ ಜಯಂತಿಭಾಯಿಗೆ ಫೋನ್ ಮಾಡಿ, ಸಂಜೆ ಪ್ರಸಾದಕ್ಕೆ ಬನ್ನಿ, ಬರುವಾಗ ಟೆಂಪೋ ತನ್ನಿ ಎಂದಿದ್ದಳು.

ಇಲ್ಲಿಂದ ಮುಂದೆ ನಡೆದದ್ದಕ್ಕೆ ಕಾರಣ ನಮ್ಮ ಭಕ್ತಿ. ಅಷ್ಟಮಿಯ ದಿನ ಒಡಲಿಗೆ ಕಡೆಯ ಬಣ್ಣ ಹೊಡೆಯಲೆಂದು ಅದನ್ನು ಚಾಸಿಗೆ ಬಿಗಿದಿದ್ದ ಬೋಲ್ಟುಗಳನ್ನು ಬಿಚ್ಚಿ, ಬಟ್ಟಲಲ್ಲಿ ಸೀಮೆಎಣ್ಣೆಗೆ ಹಾಕಿಟ್ಟಿದ್ದೆ. ಬಣ್ಣ ಒಣಗಿದ ಮೇಲೆ ಒಡಲನ್ನು ಎತ್ತಿ ಚಾಸಿಯ ಮೇಲೆ ಕೂರಿಸಿದ್ದೂ ಆಗಿತ್ತು. ನವಮಿಯ ಬೆಳಗ್ಗೆ ಬೋಲ್ಟು ಬಿಗಿಯೋಣವೆಂದು ನೋಡಿದರೆ ಬಟ್ಟಲಿಲ್ಲ, ಸ್ಪ್ಯಾನರ್ ಇಲ್ಲ. ದೇವರ ಮುಂದೆ ಶೈಲಜಾ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸಿಬಿಟ್ಟಿದ್ದಳು. ಈಳಿಗೆಮಣೆ, ಕತ್ತರಿ, ಮಿಕ್ಸಿ, ಅನಘಾಳ ಲ್ಯಾಪ್‌ಟಾಪ್, ಅವುಗಳ ನಡುವೆ ನನ್ನ ಸ್ಪ್ಯಾನರುಗಳು; ಮತ್ತು ಒರೆಸಿ ಫಳಫಳ ಮಾಡಿ, ಒಂದೊಂದರ ತಲೆಗೂ ಕುಂಕುಮ ಇಟ್ಟ ಆ ಬೋಲ್ಟುಗಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ಆವತ್ತು ಅವೂ ವಿಶ್ರಾಂತಿ ಪಡೆಯಬೇಕು. ಇದು ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ಇದ್ದ ನಿಯಮ. ಬೇಡಿಕೊಂಡರೆ ಕೊಡುತ್ತಿದ್ದಳೇನೋ. ಆದರೆ ಬೇಡಿಕೊಂಡರೆ ಕಾರು ಸಿದ್ಧವಿಲ್ಲವೆಂದು ಒಪ್ಪಿದ ಹಾಗಾಗುತ್ತದೆ. ಅಲ್ಲದೆ ಹೋಗಬೇಕಾದದ್ದು ನಿಂಬೆಹಣ್ಣಿನಷ್ಟು ದೂರ. ಅಷ್ಟಕ್ಕೆ ಬೋಲ್ಟು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ಮಾತನ್ನು ಕ್ಲೈಮು ಕೇಳಲು ಬಂದವನು ಆಡಿದ್ದರೆ ನಾನು ಅವನ ಅರ್ಜಿಯನ್ನು ಅಲ್ಲೇ ಬದಿಗಿಡುತ್ತಿದ್ದೆ.

ಸಂಜೆ ಅಂಗಳ ತುಂಬಿತ್ತು. ಕನ್ನಡಿ ಹೊಲಿದ ಲಂಗ ಉಟ್ಟ ಹೆಂಗಸರು, ಕೇಡಿಯು ಎಂಬ ಬಣ್ಣದ ನೆರಿಗೆಯಂಗಿ ತೊಟ್ಟ ಗಂಡಸರು ಗರ್ಬಾಕ್ಕೆಂದು ಬಂದು, ಮೆಲ್ಲಗೆ ನೂಕಿ ತಂದಿದ್ದ ನನ್ನ ಕಾರಿನ ಸುತ್ತ ನಿಂತಿದ್ದರು. ಗೇಟಿನ ಬಳಿ ಜಯಂತಿಭಾಯಿ ಟೆಂಪೋಗೆ ಒರಗಿಕೊಂಡು ಆಸೆಗಣ್ಣಿನಿಂದ ನೋಡುತ್ತಿದ್ದರು. ನಾನು ಕಾರಿನೊಳಗೆ ಇಳಿದೆ. ಬಾಗಿಲಿಲ್ಲದ ಆ ಒಡಲಿನೊಳಗೆ ಇಳಿಯುವುದೆಂದರೆ ಮೊದಲು ಬಲಗಾಲು, ಆಮೇಲೆ ದೇವರ ಸ್ಮರಣೆ, ಆಮೇಲೆ ಎಡಗಾಲು. ಏಳಬೇಕಾದರೆ ಇಬ್ಬರು ಎಳೆಯಬೇಕು. ಶೈಲಜಾ ಕುಂಬಳಕಾಯಿ ಒಡೆಸಿ, ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು, ಪರೀಕ್ಷೆಯ ಹಾಲಿನ ಮೇಲ್ವಿಚಾರಕಿಯ ಹಾಗೆ ಪಕ್ಕಕ್ಕೆ ಸರಿದು ನಿಂತಳು. ಕೀಲಿ ತಿರುವಿದೆ. ಎಂಜಿನ್ ಕೆಮ್ಮಿತು. ಮತ್ತೆ ತಿರುವಿದೆ. ಈ ಸಲ ಅದು ಗುಡುಗಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು. ಆ ಸಂಭ್ರಮದಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ.

ಚಾಸಿ ಮುಂದೆ ನೆಗೆಯಿತು. ನಾನು ನೆಗೆಯಲಿಲ್ಲ. ಸ್ಟೀರಿಂಗು ನನ್ನ ಕೈಬೆರಳುಗಳಿಂದ ನಯವಾಗಿ ಬಿಡಿಸಿಕೊಂಡು, ಮುಂದಿನ ಖಾಲಿ ಕಿಂಡಿಯಿಂದ ಹೊರಟುಹೋಯಿತು. ಅದರ ಹಿಂದೆ ಪೆಡಲುಗಳು ಹೋದವು. ನಾನು ಮತ್ತು ಹಳದಿ ಒಡಲು ಯಾರೋ ಕೆಳಗಿಂದ ಮಣೆ ಎಳೆದ ಹಾಗೆ ನೆಲದ ಮೇಲೆ ಧಪ್ಪನೆ ಕೂತೆವು. ಅತ್ತ ಮೈಭಾರ ಕಳೆದುಕೊಂಡ ಚಾಸಿ ಎಂಜಿನ್ ಹೊತ್ತುಕೊಂಡು ಒಂಟಿಯಾಗಿ ನಾಲ್ಕೂ ನಿಂಬೆಹಣ್ಣುಗಳನ್ನು ಪಚಪಚನೆ ಅರೆದು, ಯಾರೂ ನಡೆಸದೆಯೇ ನೆಟ್ಟಗೆ ಬೇವಿನ ಮರದಡಿಗೆ ಹೋಗಿ, ಮೂಗು ತಾಗಿಸಿ, ಒಮ್ಮೆ ಸೀನಿ ನಿಂತಿತು. ನಾನು ಮಹೇಂದ್ರಭಾಯಿಗೆ ಮಾತು ಕೊಟ್ಟ ಜಾಗಕ್ಕೇ ಹೋಗಿತ್ತು. ಜನ ಇದು ಕಾರಿನ ಒಂದು ವಿಶೇಷ ಸೌಲಭ್ಯವೆಂದು ತಿಳಿದು ಇನ್ನೊಂದು ಸಲ ಮಾಡಿ ತೋರಿಸಲು ಕೇಳಿದರು. ಫತೇಗಂಜಿನ ಕಾಲೇಜಿಗೆ ಹೋಗುವ, ಕನ್ನಡವನ್ನು ಗುಜರಾತಿಯ ಹಾಗೆ ಮಾತಾಡುವ ನನ್ನ ಮಗಳು ಮಾತ್ರ ಓಡಿಬಂದು ವಿಷಯ ತಿಳಿಸಿದಳು. “ಪಪ್ಪಾ, ನೀನು ಇಲ್ಲೇ ಇದ್ದೀ. ಕಾರು ಹೋಯ್ತು.”

ಮಹೇಂದ್ರಭಾಯಿ ಬಂದು, ಆರತಿಗೆ ಹೊತ್ತಾಯಿತು, ಸ್ಪ್ಯಾನರ್ ತಂದು ಬೇಗ ಜೋಡಿಸಿ ಒಯ್ಯಿರಿ ಎಂದರು. “ಇವತ್ತ ಅವನ್ನ ಮುಟ್ಟಂಗಿಲ್ಲ” ಎಂದು ಶೈಲಜಾ ಕನ್ನಡದಲ್ಲೇ ಹೇಳಿದಳು. ಅವಳ ಮುಖ ನೋಡಿ ಅವರಿಗೆ ಅರ್ಥವಾಯಿತು. ಟೆಂಪೋ ಒಳಗೆ ತರಲು ಜನ ದಾರಿ ಬಿಡುವಂತಿರಲಿಲ್ಲ. ಒಡಲನ್ನು ಬದಿಗಿಟ್ಟರೆ ಕುಣಿಯುವವರ ಕಾಲಿಗೆ ಅಡ್ಡ. ಯೋಚಿಸಿದರೆ, ಗರ್ಬಾದಲ್ಲಿ ಯಾರೂ ಕುಣಿಯದ ಜಾಗ ಒಂದೇ, ಅದು ನಡು. ಕೇಡಿಯು ತೊಟ್ಟ ಆರೆಂಟು ಜನ ಬಂದು, ಏಳಲಾಗದ ನನ್ನನ್ನು ಒಳಗೇ ಬಿಟ್ಟು, ಒಡಲನ್ನು ಪಲ್ಲಕ್ಕಿಯ ಹಾಗೆ ಎತ್ತಿಕೊಂಡು ಹೋಗಿ ದೇವಿಯ ದೀಪದ ಪಕ್ಕದಲ್ಲಿ ಇಳಿಸಿದರು. ಆರತಿಯಾಯಿತು. ತಟ್ಟೆ ಹಿಡಿದವರು ದೀಪಕ್ಕೆ ಬೆಳಗಿ, ಪಕ್ಕದಲ್ಲಿದ್ದ ನನಗೂ ಒಂದು ಸುತ್ತು ಬೆಳಗಿಬಿಟ್ಟರು.

ಶೈಲಜಾ ಕೋಸಂಬರಿಯ ತಟ್ಟೆ ಹಿಡಿದು ಬಂದಳು. ನಾನು ವಾದಕ್ಕೆ ಶುರುಮಾಡಿದೆ. ನಾಲ್ಕೂ ಹಣ್ಣು ಒಡೆದಿವೆ, ಯಾರೂ ನೂಕಿಲ್ಲ, ಕೀಲಿ ತಿರುವಿದ್ದು ನಾನೇ, ತಿರುವಿದಾಗ ಒಳಗೇ ಕೂತಿದ್ದೆ, ಈಗಲೂ ಒಳಗೇ ಕೂತಿದ್ದೇನೆ. ಇಷ್ಟು ವರ್ಷ ಕ್ಲೈಮಿಗಾಗಿ ನನ್ನ ಮುಂದೆ ನಿಂತು ಕೈಮುಗಿದವರ ದನಿಯೆಲ್ಲ ಈಗ ನನ್ನ ಗಂಟಲಿನಿಂದಲೇ ಹೊರಡುತ್ತಿತ್ತು. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಅಷ್ಟರಲ್ಲಿ ಹಾಡು ಶುರುವಾಯಿತು, ಸುತ್ತ ವೃತ್ತ ಮುಚ್ಚಿಕೊಂಡಿತು. ಹೊರಗೆ ಹೋಗಲು ದಾರಿ ಕಾಣದೆ ಅವಳು ಸೆರಗು ಸಿಕ್ಕಿಸಿ, ಮೊದಲು ಬಲಗಾಲು ಆಮೇಲೆ ಎಡಗಾಲು ಹಾಕಿ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಕುಣಿತ ಮೊದಲು ನಿಧಾನವಾಗಿತ್ತು. ಆಮೇಲೆ ತಾಳ ಏರಿತು. ಕನ್ನಡಿಯ ಲಂಗಗಳು, ಮುಖಗಳು, ಕೈಗಳು ನಮ್ಮ ಸುತ್ತ ಸರಸರನೆ ಸರಿದುಹೋಗತೊಡಗಿದವು. ಗಾಳಿ ಬೀಸಿ ಅವಳ ಮುಂಗುರುಳು ಹಾರಿತು. ಒಮ್ಮೆಲೇ ನನಗನಿಸಿತು, ಓಡುತ್ತಿರುವವರು ಅವರಲ್ಲ, ನಾವು. ನನ್ನ ಕಾರು ಓಡುತ್ತಿತ್ತು! ನಾನು ನಾಚಿಕೆ ಬಿಟ್ಟು ಕೋಸಂಬರಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವುಗಳಲ್ಲಿ ಎಡಕ್ಕೆ ವಾಲಿಸಿದೆ. ಹೆಸರುಬೇಳೆ ಒಂದಿಷ್ಟು ಚೆಲ್ಲಿತು. ಜನರಾಚೆ, ಗೇಟಿನ ಬಳಿ ಜಯಂತಿಭಾಯಿ ಎರಡೂ ಕೈಯೆತ್ತಿ, ಒಯ್ಯಲೋ ಬೇಡವೋ ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ಶೈಲಜಾ ಅವರತ್ತ ನೋಡಿದಳು. ಆಮೇಲೆ ಬಸ್ಸಿನ ಕಿಟಕಿಯಿಂದ ಬೀಳ್ಕೊಡುವವರಿಗೆ ಬೀಸುವಂತೆ ಕೈ ಬೀಸಿ, ಬೇಡವೆಂದು ತಲೆಯಾಡಿಸಿದಳು.

ತಾಳ ಇನ್ನೂ ಏರಿತು. ಲಂಗಗಳು ಬಣ್ಣದ ಗೆರೆಗಳಾದವು. ಅವಳು ಒಂದು ಕೈಯಲ್ಲಿ ಒಡಲಿನ ಅಂಚನ್ನೂ ಇನ್ನೊಂದರಲ್ಲಿ ನನ್ನ ತೋಳನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

“ಸಾವಕಾಶ ಹೊಡೀರಿ” ಎಂದಳು.

ನಾನು ತಕ್ಷಣ ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದೆ. ಆಕ್ಸಿಲರೇಟರು ಆಚೆ ಬೇವಿನ ಮರದಡಿಯಲ್ಲಿತ್ತು.